ತತ್ತಿ ಮೀನೆಂದು ಮಾರಿದ್ದು

ಮುಂಡರಗಿ ಸಂತೆಯಲ್ಲಿ ಖಾತುನಬಿಯ ಮೀನಿನ ಬುಟ್ಟಿ, ನನ್ನ ಕೊತ್ತಂಬರಿ ಬುಟ್ಟಿ ಹದಿನೆಂಟು ವರ್ಷದಿಂದ ಅಕ್ಕಪಕ್ಕ. ಗಂಡ ತೀರಿದ ಮೇಲೆ ತುಂಗಭದ್ರೆಯ ದಂಡೆಯಿಂದ ಹೊಳೆಮೀನು ತಂದು ಮಾರಿ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವಳು. ಬಾಯಿ ಮಾತ್ರ ಬಲು ಜೋರು. ಚೌಕಾಶಿ ಮಾಡಿದರೆ, "ಹೊಳಿಗೆ ಇಳದು ನೀವ ಹಿಡಕೊಂಡು ಬರ್ರಿ" ಎನ್ನುತ್ತಿದ್ದಳು.

ಮಳೆಗಾಲದ ಮುಂಚೆ ತತ್ತಿ ತುಂಬಿದ ಮೀನಿಗೆ ಗಿರಾಕಿ ಹೆಚ್ಚು. ತತ್ತಿ ಚೆಲ್ಲಬಾರದೆಂದು ಅದನ್ನು ಕೊಯ್ಯದೆ ಇಡಿಯಾಗಿ ಕೊಡುವುದು ರೂಢಿ. ಆದರೆ ಕೆಲವು ಮೀನಿನ ಹೊಟ್ಟೆ ಉಬ್ಬುವುದು ತತ್ತಿಯಿಂದಲ್ಲ, ಹುಳದಿಂದ. ಬಿಳಿ ಲಾಡಿಯಂಥ ಉದ್ದನೆಯ ಹುಳ, ಥೂ! "ತತ್ತಿ ಇದ್ರ ಬೆರಳಿಗೆ ಬಿಗಿ ಹತ್ತತೈತಿ, ಹುಳ ಇದ್ರ ಜಾರತೈತಿ" ಎಂದು ಖಾತುನಬಿಯೇ ನನ್ನ ಕೈ ಹಿಡಿದು ಒತ್ತಿಸಿ ತೋರಿಸಿದ್ದಳು. ಅಂಥ ಮೀನನ್ನು ಅವಳು ಮಾರುತ್ತಿರಲಿಲ್ಲ.

ಹೋದ ವರ್ಷ ಒಂದು ಸಂತೆಯ ದಿನ ಬುಟ್ಟಿಯಲ್ಲಿ ಅಂಥದ್ದೊಂದೇ ಉಳಿದಿತ್ತು. ಆಗ ಅಲ್ಮಾಸಬಿ ಓಡೋಡಿ ಬಂದಳು. ಅವಳ ಸೊಸೆ ತಸ್ಲೀಮಳಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಈಗ ಐದು ತಿಂಗಳು, ತತ್ತಿ ಮೀನಿನ ಬಯಕೆ. ಖಾತುನಬಿ ಮೀನಿನ ಹೊಟ್ಟೆ ಮತ್ತೊಮ್ಮೆ ಒತ್ತಿ ನೋಡಿದಳು. ಬಸುರಿಯ ಮನೆಗೆ ಬರಿಗೈಲಿ ಕಳಿಸಬಾರದು ಎಂಬ ನೆಪ ಬೇರೆ ಸಿಕ್ಕಿತು. "ತತ್ತಿ ತುಂಬೈತಿ, ಒಯ್ಯಿ ಅಕ್ಕಾ" ಅಂದುಬಿಟ್ಟಳು.

ಮನೆಯಲ್ಲಿ ಮೀನು ಕೊಯ್ದವಳು ತಸ್ಲೀಮಳೇ. ತತ್ತಿ ಇರಬೇಕಾದಲ್ಲಿ ಹುಳ ಹೊರಳಾಡುತ್ತಿತ್ತಂತೆ. ಹುಡುಗಿ ತನ್ನ ಹೊಟ್ಟೆ ಹಿಡಿದು ಕುಸಿದಳು. "ಇದು ಅಪಶಕುನ, ಈ ಕೂಸೂ ಉಳಿಯಂಗಿಲ್ಲ" ಎಂದು ಊಟ ಬಿಟ್ಟಳು. ಕೂಸು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದರೂ ನಂಬಲಿಲ್ಲ.

ಮೂರನೆಯ ದಿನ ನಾವಿಬ್ಬರೂ ಖಾತುನಬಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಅಲ್ಮಾಸಬಿ ಬಂದು ಅತ್ತಳು. "ಒಳಗಿಂದು ನಿನಗರ ಏನು ಗೊತ್ತು ಖಾತುನಬಿ? ನಮ್ಮ ನಸೀಬ."

ಖಾತುನಬಿ ಎದ್ದು ನಿಂತಳು. ನಾನು ಸೆರಗು ಹಿಡಿದು ಜಗ್ಗಿ, ಅಲ್ಮಾಸಬಿಗೆ ಕೇಳದಂತೆ ಪಿಸುಗುಟ್ಟಿದೆ. "ಹುಚ್ಚಿ ಅದಿಯೇನ? ಹೇಳಿದ್ರ ನಾಳೆ ನಿನ್ನ ಕಡೆ ಯಾರೂ ಮೀನ ತಗೊಳ್ಳಂಗಿಲ್ಲ!" ಅವಳು ನನ್ನ ಕೈ ಕೊಡವಿ ಅಲ್ಮಾಸಬಿಯ ಮನೆಗೆ ಹೊರಟಳು. ನಾನೂ ಬೆನ್ನು ಹತ್ತಿದೆ.

ತಸ್ಲೀಮಳ ಮುಂದೆ ಕುಂತು, "ಶಕುನ ಅಲ್ಲವ್ವಾ, ಅದು ನನ್ನ ಸುಳ್ಳು. ಹುಳ ಅಂತ ಗೊತ್ತಿದ್ದ ಕೊಟ್ಟೇನಿ" ಎಂದಳು.

"ಖರೇನ?"

"ನನ್ನ ಮಕ್ಕಳಾಣಿ."

ಅಲ್ಮಾಸಬಿ ಬಾಯಿಗೆ ಬಂದಂತೆ ಬೈದಳು. ಆ ಬೈಗುಳದ ನಡುವೆಯೇ ತಸ್ಲೀಮ, "ಅತ್ತಿ, ಒಂದು ರೊಟ್ಟಿ ಕೊಡ್ರಿ" ಎಂದಳು.

ಈಗ ಖಾತುನಬಿ ಪ್ರತಿ ಮೀನನ್ನೂ ಗಿರಾಕಿಯ ಕಣ್ಮುಂದೆ ಸೀಳುತ್ತಾಳೆ. ಆದರೂ ಗಿರಾಕಿ ಅರ್ಧಕ್ಕರ್ಧ ಕಡಿಮೆ. ತಸ್ಲೀಮ ಮಗಳನ್ನು ಎತ್ತಿಕೊಂಡು ನನ್ನ ಹತ್ತಿರ ಕೊತ್ತಂಬರಿಗೆ ಬರುತ್ತಾಳೆ, ಖಾತುನಬಿಯ ಕಡೆ ಹೊರಳಿಯೂ ನೋಡುವುದಿಲ್ಲ. "ನೀವು ಭಾಳ ಚಲೋರು, ಶಾರದಕ್ಕಾ" ಎನ್ನುತ್ತಾಳೆ.

ಅವತ್ತು ಸಂತೆಯಲ್ಲಿ ಮೀನು ಕೊಳ್ಳುವಾಗ ಅಲ್ಮಾಸಬಿ ಅನುಮಾನದಿಂದ ಮೀನನ್ನು ನನ್ನ ಕಡೆ ಚಾಚಿದ್ದಳು. ನಾನೂ ಒತ್ತಿ ನೋಡಿದ್ದೆ. ಬೆರಳಡಿ ಜಾರಿತ್ತು. "ಹೌದ, ತತ್ತಿನ" ಎಂದಿದ್ದೆ. ಕೊತ್ತಂಬರಿ ಮಾರುವವಳಿಗೆ ಮೀನಿನ ಹೊಟ್ಟೆಯೊಳಗಿನದು ಏನು ಗೊತ್ತು ಎಂದು ಅವರು ತಿಳಿದಿದ್ದಾರೆ. ನನಗೂ ಗೊತ್ತಿತ್ತೆಂದು ಖಾತುನಬಿ ಹೇಳಲಿಲ್ಲ. ನಾನೂ ಹೇಳಿಲ್ಲ.