ನಂದಾದೀಪ ಒಳಗೆ, ಶಿವಲೀಲಾ ಹೊರಗೆ

ಅಕ್ಟೋಬರ್ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಶಿವಲೀಲಾ ತನ್ನ ಮನೆಯ ಬಾಲ್ಕನಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಸಿಮೆಣಸಿನಕಾಯಿ ಹುರಿಯುತ್ತಿದ್ದಳು. ಒಳಗೆ ಹುರಿದರೆ ಘಾಟಿಗೆ ಛಾವಣಿಯ ಹೊಗೆ ಅಲಾರಂ ಕಿರುಚುತ್ತದೆ. ಅದಕ್ಕೇ ಬಾಲ್ಕನಿಯ ಪ್ಲಗ್ಗಿಗೆ ಸಣ್ಣ ಕರೆಂಟಿನ ಒಲೆ ಸಿಕ್ಕಿಸಿದ್ದಳು. ಗಾಳಿ ಮನೆಗಳ ಕಡೆಗಲ್ಲ, ಎದುರಿನ ದ್ರಾಕ್ಷಿ ಗುಡ್ಡದ ಕಡೆಗೆ ಬೀಸುತ್ತಿದೆ ಎಂಬುದನ್ನು ಒದ್ದೆ ಬೆರಳು ಎತ್ತಿ ಹಿಡಿದು ಖಾತ್ರಿ ಮಾಡಿಕೊಂಡಿದ್ದಳು. ಕೆಳಮನೆಯವರು ಊಟಕ್ಕೆ ಕೂರುವ ಹೊತ್ತು, ಯಾರೂ ಹೊರಗಿರುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಗಜೇಂದ್ರಗಡದ ಕಾಲೇಜಿನ ಕೆಮಿಸ್ಟ್ರಿ ಪ್ರಯೋಗಾಲಯದಲ್ಲಿ ಎರಡು ವರ್ಷ ಪಾಠ ಹೇಳಿದವಳು ಶಿವಲೀಲಾ. ಮದುವೆಯಾಗಿ ಜರ್ಮನಿಯ ಅಬ್‌ಸ್ಟಾಟ್‌ಗೆ ಬಂದು ಐದು ವರ್ಷವಾಗಿತ್ತು. ಗಂಡ ಉದಯಕುಮಾರನಿಗೆ ಇಲ್ಲಿ ಕಾರುಗಳ ಬ್ರೇಕ್ ಪರೀಕ್ಷಿಸುವ ಕೆಲಸ. ಊರು ಚಿಕ್ಕದು, ಚೊಕ್ಕದು. ಗುಡ್ಡದ ಮೇಲೆ ಹಳೆಯ ಕೋಟೆ, ಇಳಿಜಾರಿನ ತುಂಬ ದ್ರಾಕ್ಷಿ ಸಾಲು, ಕೆಳಗೆ ಕೆಂಪು ಹೆಂಚಿನ ಮನೆಗಳು.

ಬಂದ ಹೊಸತರಲ್ಲಿ ಒಂದು ಭಾನುವಾರ ಬೆಳಿಗ್ಗೆ ಅವಳು ಮಿಕ್ಸಿಯಲ್ಲಿ ಇಡ್ಲಿ ಹಿಟ್ಟು ರುಬ್ಬಿದ್ದಳು. ಮರುದಿನ ಮೆಟ್ಟಿಲ ಬಳಿಯ ಫಲಕದಲ್ಲಿ ಒಂದು ಚೀಟಿ ಕಾಣಿಸಿತು. ಭಾನುವಾರ ಯಂತ್ರ ಬಳಸಬಾರದು, ದಯವಿಟ್ಟು ಎಂದಷ್ಟೇ ಇತ್ತು. ಹೆಸರಿರಲಿಲ್ಲ. ಭಾನುವಾರ ಸದ್ದು ಮಾಡಬಾರದೆಂಬುದು ಈ ದೇಶದ ಕಟ್ಟುಪಾಡು. ಉದಯಕುಮಾರ ನಕ್ಕು ಮರೆತ. ಶಿವಲೀಲಾ ಮರೆಯಲಿಲ್ಲ. ಕುರ್ಚಿಗಳ ಕಾಲಿಗೆ ಬಟ್ಟೆ ಅಂಟಿಸಿದಳು. ಮಿಕ್ಸಿಯ ಕೆಳಗೆ ಕಂಬಳಿ ಮಡಚಿ ಹಾಕಿದಳು. ಹಬ್ಬಕ್ಕೆ ತೆಂಗಿನಕಾಯಿ ಒಡೆಯುವುದನ್ನೂ ಟವೆಲ್ಲಿನಲ್ಲಿ ಸುತ್ತಿ, ಒಂದೇ ಏಟಿಗೆ, ಸದ್ದು ಹೊರಗೆ ಹೋಗದ ಹಾಗೆ ಕಲಿತಳು. ವರ್ಷ ಕಳೆಯುವಷ್ಟರಲ್ಲಿ ಆ ಮನೆಯಲ್ಲಿ ಜನ ಇದ್ದಾರೆ ಎಂದು ಹೇಳಲು ಕಿಟಕಿಯ ದೀಪವೊಂದೇ ಗುರುತಾಗಿ ಉಳಿಯಿತು.

ಹೀಗೆ ಕಲಿತದ್ದನ್ನು ಅವಳು ಬಚ್ಚಿಟ್ಟುಕೊಳ್ಳಲಿಲ್ಲ. ಹೊಸದಾಗಿ ಬರುವ ಕನ್ನಡದವರಿಗೆ ಪಕ್ಕದ ನಗರ ಹೈಲ್‌ಬ್ರಾನ್‌ನ ಒಂದು ಬಾಡಿಗೆ ಹಾಲ್‌ನಲ್ಲಿ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ತಿಳಿಹೇಳುತ್ತಿದ್ದಳು. ಅವಳ ಮಾತು ಕೇಳಿದವರಿಗೆ ದಂಡ ಬಿದ್ದದ್ದಿಲ್ಲ, ಮನೆ ಮಾಲೀಕರ ಜೊತೆ ಜಗಳವಾದದ್ದಿಲ್ಲ. ಈ ವರ್ಷದ ಯುಗಾದಿಯಲ್ಲೂ ಹಾಗೇ.

"ನೋಡ್ರಿ, ಬಾಟ್ಲಿ ಡಬ್ಬಿಗೆ ಒಗಿಯೂದಕ್ಕೂ ಇಲ್ಲೆ ಟೈಮ್ ಐತಿ. ಸಂಡೆ ಒಗದ್ರಿ ಅಂದ್ರ ಇಡೀ ಓಣಿ ತಿರುಗಿ ನೋಡ್ತದ" ಎಂದಿದ್ದಳು. "ಥಂಡಿ ಐತಿ ಅಂತ ಕಿಟಕಿ ಮುಚ್ಚಿಕೊಂಡು ಕುಂದ್ರಬ್ಯಾಡ್ರಿ. ದಿನಾ ಎರಡು ಸಲ ಪೂರಾ ತಗೀರಿ, ಇಲ್ಲಂದ್ರ ಗ್ವಾಡಿಗೆ ಬೂಸ್ಟು ಹಿಡಿತದ. ಬಾಗಿಲಾ ಎಳದು ಹೊರಗ ಹೋಗೂಮುಂದ ಕೀಲಿ ಕೈಯಾಗ ಇರ್ಲಿ. ಬಾಲ್ಕನಿಯಾಗ ನಿಂತು ಊರಿಗೆ ಫೋನ್ ಮಾಡಿ ಒದರಬ್ಯಾಡ್ರಿ."

ಮುಂದಿನ ಸಾಲಿನಲ್ಲಿ ಮೈಸೂರಿನ ಗಿರಿಧರ್ ಕೂತಿದ್ದ. "ಅಕ್ಕಾ, ಉಸಿರಾಡಕ್ಕೂ ಟೈಮಿಂಗ್ಸ್ ಇದ್ಯಾ ಇಲ್ಲಿ? ಹೇಳ್ಬಿಡಿ, ಅಲಾರಂ ಇಟ್ಕೊತೀನಿ."

"ನೀ ಗೊರಕಿ ಹೊಡಿಯೂದು ಬಿಡು ಮೊದಲ, ಗಿರಿ. ನಿನ್ನ ಕೆಳಗಿನ ಮನಿಯವ್ರು ಪಾಪ ಇದ್ದಾರ" ಎಂದಳು ಶಿವಲೀಲಾ. ಹಾಲ್ ಗೊಳ್ಳೆಂದಿತು.

ಆ ಭಾನುವಾರ ಉದಯಕುಮಾರ ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣಕ್ಕೆ ಹೋಗಿದ್ದ. ಅವನ ಆಫೀಸಿಗೆ ಸೇರಲು ಬೆಂಗಳೂರಿನಿಂದ ಒಂದು ಹೊಸ ಜೋಡಿ ಬರುತ್ತಿತ್ತು. ಅವರಿಗೆ ಮೊದಲ ಊಟ ಇಲ್ಲೇ. ಶಿವಲೀಲಾ ಜೊತೆಗೆ ಹೋಗುವಂತಿರಲಿಲ್ಲ. ಮನೆಯಲ್ಲಿ ನವರಾತ್ರಿಯ ಘಟ ಕೂಡಿಸಿದ್ದರು. ಹಾಲ್‌ನ ಮೂಲೆಯಲ್ಲಿ ನೆಲದ ಮೇಲೆ ಮಣ್ಣು ಹರಡಿ, ಕಾಳು ಬಿತ್ತಿ, ಮೇಲೆ ಮಣ್ಣಿನ ಕೊಡ ಇಟ್ಟು, ಎದುರಿಗೆ ನಂದಾದೀಪ ಹಚ್ಚಿದ್ದರು. ಹಬ್ಬ ಮುಗಿಯುವತನಕ ಆ ದೀಪ ಆರುವಂತಿಲ್ಲ, ಆ ಮನೆಗೆ ಬೀಗ ಬೀಳುವಂತಿಲ್ಲ, ಒಬ್ಬರಾದರೂ ಒಳಗಿರಬೇಕು. ಅತ್ತೆ ಸಾವಿತ್ರವ್ವ ದಿನಾ ಬೆಳಿಗ್ಗೆ ವಿಡಿಯೋ ಕಾಲಿನಲ್ಲಿ ಬಂದು ಮೊದಲು ದೀಪ ನೋಡುತ್ತಿದ್ದರು, ಆಮೇಲೆ ಮೊಮ್ಮಗಳನ್ನು.

"ಪವೀ, ಗಾಳಿಗೆ ದೀಪ ಶಾಂತ ಆಗಬಾರದು ನೋಡವಾ. ಎಣ್ಣಿ ಕಡಿಮಿ ಆತಂದ್ರ ಹಾಕಬೇಕು. ನಿಮ್ಮವ್ವಗ ಕೆಲಸ ಭಾಳ ಇರ್ತಾವ. ನೀನ ಕಾಯಬೇಕು, ಹೌದಿಲ್ಲೊ?"

ಪವಿಗೆ ಮೂರೂವರೆ ವರ್ಷ. ಶಿಶುವಿಹಾರದಲ್ಲಿ ಜರ್ಮನ್ ಮಾತಾಡಿ, ಮನೆಯಲ್ಲಿ ಕನ್ನಡ ಕೇಳಿ ಬೆಳೆಯುತ್ತಿದ್ದಳು. "ಯಾ, ಆಯಿ" ಎಂದು ತಲೆಯಾಡಿಸಿದ್ದಳು. ಅವಳು ತಲೆಯಾಡಿಸಿದಳೆಂದರೆ ಆ ಮಾತು ಮುಗಿಯಿತು.

ಮೆಣಸಿನಕಾಯಿ ಚಟಚಟ ಅನ್ನತೊಡಗಿದಾಗ ಶಿವಲೀಲಾಳ ಬೆನ್ನ ಹಿಂದೆ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಮೇಲಿಂದ ಕೆಳಕ್ಕೆ ಹಿಡಿಕೆ ತಿರುಗಿದ ಸದ್ದಾಯಿತು. ಅವಳು ಎದ್ದು ದೂಡಿದಳು. ಬಾಗಿಲು ಅಲುಗಲಿಲ್ಲ. ಹೊರಗಿನ ಮೈಗೆ ಹಿಡಿಕೆಯೇ ಇರಲಿಲ್ಲ. ಗಾಜಿನ ಆಚೆ ಪವಿ ನಿಂತಿದ್ದಳು, ಹಬ್ಬದ ಪರಕರ ಪೋಲಕಾ ತೊಟ್ಟುಕೊಂಡು, ಒಳ್ಳೆಯ ಕೆಲಸ ಮಾಡಿದವರ ಮುಖದಲ್ಲಿ.

"ವಿಂಡ್" ಎಂದಳು ಪವಿ, ದೀಪದ ಕಡೆ ಕೈ ತೋರಿಸಿ. ಗಾಳಿ.

ಶಿವಲೀಲಾಗೆ ಕೋಪ ಬರಲಿಲ್ಲ, ನಗುವೇ ಬಂತು. ಒಲೆಯ ಪ್ಲಗ್ ಕಿತ್ತಳು. ಗಾಜಿನ ಹತ್ತಿರ ಕೂತು ಹಿಡಿಕೆಯನ್ನು ತೋರಿಸಿ, "ಮ್ಯಾಲೆ ಎತ್ತು ಪವಿ, ಮ್ಯಾಲೆ" ಎಂದಳು. ಪವಿ ಎರಡೂ ಕೈಯಲ್ಲಿ ಪ್ರಯತ್ನಿಸಿದಳು. ಹಿಡಿಕೆಯನ್ನು ಕೆಳಗೆ ತರಲು ಮೈಯ ಭಾರ ಹಾಕಿ ಜೋತುಬಿದ್ದರೆ ಸಾಕು. ಮೇಲೆ ಎತ್ತಲು ತೋಳಿನ ಬಲ ಬೇಕು, ಅದೂ ತಲೆಗಿಂತ ಎತ್ತರದಲ್ಲಿ. ಮೂರೂವರೆ ವರ್ಷದ ಮಗುವಿಗೆ ಭಾರ ಇರುತ್ತದೆ, ಆ ಬಲ ಇರುವುದಿಲ್ಲ. ಇದು ಶಿವಲೀಲಾಗೆ ಹಿಡಿಕೆ ಅರ್ಧಕ್ಕೆ ಬಂದು ಮತ್ತೆ ಕೆಳಗೆ ಜಾರಿದಾಗಲೇ ಅರ್ಥವಾಯಿತು. ನಗು ಅಲ್ಲಿಗೆ ನಿಂತಿತು.

ಹಲ್ಲುಜ್ಜುವಾಗ ಪವಿ ಹತ್ತಿ ನಿಲ್ಲುವ ಮಣೆಯನ್ನು ಬಚ್ಚಲಿನಿಂದ ತರಿಸಿದಳು. ಪವಿ ತಂದಳು, ಹತ್ತಿ ನಿಂತಳು, ಒಂದು ಸಲ ತಳ್ಳಿದಳು, ಕೈ ನೋವಾಯಿತು, ಇಳಿದುಬಿಟ್ಟಳು. "ಗೇಟ್ ನಿಷ್ಟ್." ಆಗುವುದಿಲ್ಲ.

ಫೋನು ಒಳಗೆ ದೀಪದ ಪಕ್ಕದಲ್ಲೇ ಇತ್ತು, ಬೆಳಿಗ್ಗೆ ಅತ್ತೆಗೆ ದೀಪ ತೋರಿಸಿದ ಜಾಗದಲ್ಲೇ. ಉದಯಕುಮಾರ ಬರಲು ಇನ್ನೂ ಹೊತ್ತಿತ್ತು. ಮೈಮೇಲೆ ಸ್ವೆಟರ್ ಇರಲಿಲ್ಲ. ಎದುರಿಗೆ ದ್ರಾಕ್ಷಿ ಗುಡ್ಡ ಖಾಲಿ. ವಾರವಿಡೀ ಟ್ರ್ಯಾಕ್ಟರ್ ಓಡಾಡುತ್ತಿದ್ದ ಜಾಗದಲ್ಲಿ ಇವತ್ತು ಒಂದು ನಾಯಿಯೂ ಇರಲಿಲ್ಲ. ಭಾನುವಾರ ಮಧ್ಯಾಹ್ನದ ಆ ಮೌನವನ್ನು ಐದು ವರ್ಷ ಅವಳೇ ಹುಷಾರಾಗಿ ಕಾಪಾಡಿಕೊಂಡು ಬಂದಿದ್ದಳು. ಈಗ ಅದು ನಾಲ್ಕೂ ಕಡೆಯಿಂದ ಅವಳನ್ನು ಒತ್ತಿ ಹಿಡಿದಿತ್ತು.

ಕೆಳಮನೆಯ ಅಡುಗೆಕೋಣೆಯ ಕಿಟಕಿ ಓರೆಯಾಗಿ ತೆರೆದಿತ್ತು. ಪಾತ್ರೆಯ ಸದ್ದು ಕೇಳುತ್ತಿತ್ತು. ಅಲ್ಲಿ ಇರುವವರು ಕ್ಯೂಬ್ಲರ್ ಎಂಬ ವಯಸ್ಸಾದ ಹೆಂಗಸು ಮತ್ತು ಅವರ ಗಂಡ. ಎದುರಾದಾಗ ಶಿವಲೀಲಾ ತಲೆಬಾಗಿ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದಳು. ಮನೆಗೆ ಬಂದ ಮೊದಲ ವಾರ ಆಕೆ, ಬೇಕಿದ್ದರೆ ನಿಮ್ಮ ಒಂದು ಕೀಲಿ ನಮ್ಮಲ್ಲಿರಲಿ ಎಂದಿದ್ದರು. ಅವರಿಗೇಕೆ ತೊಂದರೆ ಎಂದು ಶಿವಲೀಲಾ ಬೇಡ ಎಂದಿದ್ದಳು. ಆಮೇಲೆ ಆ ಚೀಟಿ ಬಂದಿತ್ತು.

ಕಟಕಟೆಯ ಮೇಲೆ ಬಾಗಿ ಮೆಲ್ಲಗೆ "ಹಲ್ಲೋ" ಎಂದಳು. ತನಗೇ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ "ಹಲ್ಲೋ" ಎಂದಳು. ಪಾತ್ರೆಯ ಸದ್ದು ಮುಂದುವರಿಯಿತು. ಊಟದ ಹೊತ್ತು, ಮುಗಿಸಲಿ, ಆಮೇಲೆ ಕರೆದರಾಯಿತು ಎಂದುಕೊಂಡಳು.

ತಿರುಗಿ ನೋಡಿದಾಗ ಪವಿ ದೀಪದ ಮುಂದೆ ಕೂತಿದ್ದಳು. ಪರಕರ ನೆಲದ ಮೇಲೆ ದುಂಡಗೆ ಹರಡಿತ್ತು. ಅದರ ಜರಿ ಅಂಚಿಗೂ ಜ್ವಾಲೆಗೂ ನಡುವೆ ಒಂದು ಗೇಣೂ ಇರಲಿಲ್ಲ. ಅದು ರೇಷ್ಮೆಯಲ್ಲ, ಪಾಲಿಯೆಸ್ಟರ್. ಬೆಂಕಿ ತಗುಲಿದರೆ ಉರಿಯುವುದಷ್ಟೇ ಅಲ್ಲ, ಕರಗಿ ಚರ್ಮಕ್ಕೆ ಅಂಟುತ್ತದೆ. ಕೆಮಿಸ್ಟ್ರಿ ಓದಿದವಳಿಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ.

"ಪವೀ, ಹಿಂದ ಸರಿ!"

ಎರಡು ಪದರದ ಗಾಜು, ಹತ್ತಿರ ನಿಂತರಷ್ಟೇ ಮಾತು ದಾಟುತ್ತಿತ್ತು. ಪವಿ ತಲೆಯೆತ್ತಿ ಕೈಬೀಸಿದಳು. ಶಿವಲೀಲಾ ಗಾಜಿಗೆ ಮುಖ ಒತ್ತಿ, ಕೆನ್ನೆ ಉಬ್ಬಿಸಿ ಊದುವಂತೆ ಮಾಡಿ ತೋರಿಸಿದಳು, ಶಿಶುವಿಹಾರದಲ್ಲಿ ಹುಟ್ಟುಹಬ್ಬದ ಮೇಣದಬತ್ತಿ ಊದುವ ಹಾಗೆ. ಆರಿಸು. ನಂದಾದೀಪ ಆರಿಸು. ಆ ಮನೆತನದಲ್ಲಿ ಯಾವ ಸೊಸೆಯೂ ಯಾವ ಮಗುವಿಗೂ ಹೇಳಿರದ ಮಾತನ್ನು ಅವಳು ಬಾಯಿಂದ ಊದಿ ಹೇಳಿದಳು.

ಪವಿಗೆ ಅರ್ಥವಾಯಿತು. ಅವಳು ತೋರುಬೆರಳು ಎತ್ತಿ, ಸಾವಿತ್ರವ್ವ ಆಡಿಸುವ ಹಾಗೇ ಆಡಿಸಿದಳು. "ನೈನ್, ಮಾಮಾ. ಆಯಿ ಹೇಳ್ಯಾಳ." ಇಲ್ಲ ಅಮ್ಮ, ಅಜ್ಜಿ ಹೇಳಿದ್ದಾಳೆ. ಗಾಜಿನಾಚೆ ಆ ತುಟಿಯ ಚಲನೆಯನ್ನು ಶಿವಲೀಲಾ ಅಕ್ಷರ ಅಕ್ಷರ ಓದಿಕೊಂಡಳು.

ಆಮೇಲೆ ಪವಿ ದೀಪವನ್ನು ಬಗ್ಗಿ ನೋಡಿ, ಪಕ್ಕದ ಎಣ್ಣೆ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ಶಿವಲೀಲಾಳ ಕೈಗೆ ಬಾಣಲೆಯ ಸಟ್ಟುಗ ಸಿಕ್ಕಿತು. ಅದರಿಂದ ಕಬ್ಬಿಣದ ಕಟಕಟೆಗೆ ಬಡಿದಳು. ಬಡಿಯುತ್ತಲೇ ಕೂಗಿದಳು. ಹೊಸಬರಿಗೆಲ್ಲ ಬಾಯಿಪಾಠ ಮಾಡಿಸುತ್ತಿದ್ದ ಜರ್ಮನ್ ಶಬ್ದ ಒಂದೂ ಬರಲಿಲ್ಲ.

"ಯವ್ವಾ! ಯಾರರ ಬರ್ರಿ! ನನ್ನ ಕೂಸು! ಯಾರರ ಬರ್ರಿ!"

ದ್ರಾಕ್ಷಿ ಸಾಲುಗಳಿಂದ ಹಕ್ಕಿಗಳು ಒಟ್ಟಿಗೆ ಎದ್ದವು. ಎಲ್ಲೆಲ್ಲೋ ಕಿಟಕಿಗಳು ತೆರೆದವು. ಕೆಳಗಿನ ತೋಟಕ್ಕೆ ಕ್ಯೂಬ್ಲರ್ ಓಡಿ ಬಂದರು, ಕೈಯಲ್ಲಿ ಆಲೂಗಡ್ಡೆ ಸುಲಿಯುವ ಚಾಕು. ಅವರ ಮುಖ ಕಂಡ ಮೇಲೆ ಶಿವಲೀಲಾಗೆ ಮೂರು ಶಬ್ದ ನೆನಪಾದವು. "ಕಿಂಡ್! ಫೊಯರ್! ತ್ಯೂರ್!" ಮಗು, ಬೆಂಕಿ, ಬಾಗಿಲು.

ಆಕೆ ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ಓಡಿದರು.

ಮನೆಯ ಬೆಲ್ ಹೊಡೆಯಿತು. ಪವಿ ಬಾಟಲಿ ಹಿಡಿದುಕೊಂಡೇ ಗಕ್ಕನೆ ನಿಂತಳು. ಬೆಲ್ಲಾದರೆ ಬಾಗಿಲು ತೆಗೆಯಬಾರದು ಎಂದು ಶಿವಲೀಲಾ ಅವಳಿಗೆ ಕಲಿಸಿದ್ದಳು. ಮತ್ತೆ ಬೆಲ್. ಪವಿ ಅಲುಗಲಿಲ್ಲ. ಅವಳು ಒಳ್ಳೆಯ ಮಗು, ಯಾರು ಹೇಳಿದ್ದನ್ನೂ ಮರೆಯುವವಳಲ್ಲ. ಶಿವಲೀಲಾ ಗಾಜಿಗೆ ಎರಡೂ ಅಂಗೈ ಬಡಿಯುತ್ತ, "ತಗಿ, ತಗಿ" ಎಂದು ಅರಚುತ್ತಿದ್ದಳು.

ಇದ್ದಕ್ಕಿದ್ದಂತೆ ಪವಿಯ ಮುಖ ಅರಳಿತು. ಹೊರಗಿನಿಂದ ಯಾರೋ ಏನೋ ಕರೆದಿರಬೇಕು. ಅವಳು ಬಾಟಲಿಯನ್ನು ಜಾಗದಲ್ಲಿಟ್ಟು, "ಓಮಾ ಲೋರೆ!" ಎಂದು ಕೂಗಿ ಬಾಗಿಲಿಗೆ ಓಡಿದಳು. ಲೋರೆ ಅಜ್ಜಿ. ಆ ಬಾಗಿಲಿನ ಹಿಡಿಕೆಯನ್ನು ಕೆಳಗೆ ಎಳೆದರೆ ಸಾಕಿತ್ತು. ಜೋತುಬಿದ್ದು ಎಳೆದಳು.

ಕ್ಯೂಬ್ಲರ್ ಒಳಬಂದರು. ಚಾಕು ಇನ್ನೂ ಕೈಯಲ್ಲೇ ಇತ್ತು. ನೇರವಾಗಿ ಬಂದು ಬಾಲ್ಕನಿಯ ಹಿಡಿಕೆಯನ್ನು ಒಂದೇ ಕೈಯಲ್ಲಿ ಎತ್ತಿದರು. ಶಿವಲೀಲಾ ಒಳಗೆ ಬಿದ್ದಂತೆ ಬಂದು ಪವಿಯನ್ನು ಅಪ್ಪಿಕೊಂಡಳು. ಎದುರುಬದುರಿನ ಎರಡು ಬಾಗಿಲೂ ತೆರೆದಿದ್ದವು. ಗಾಳಿ ಮನೆಯನ್ನು ಹಾದುಹೋಯಿತು. ಜ್ವಾಲೆ ಒಂದು ಸಲ ನೆಲಕ್ಕೆ ಮಲಗಿ ಆರಿತು.

ಪವಿ ಅಳಲು ಶುರು ಮಾಡಿದಳು. "ಆಯಿ ಬೈತಾಳ!"

ಕ್ಯೂಬ್ಲರ್ ಗಾಬರಿಯಾದರು. "ನನ್ನಿಂದ ಆರಿತೇ? ಇದು ಆರಬಾರದಿತ್ತೇ?" ಎಂದು ಜರ್ಮನ್‌ನಲ್ಲಿ ಕೇಳಿದರು. ಶಿವಲೀಲಾ ಬಾಲ್ಕನಿಯ ಬಾಗಿಲು ಮುಚ್ಚಿದಳು. ಕ್ಯೂಬ್ಲರ್ ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ನೆಲಕ್ಕೆ ಕೂತರು. ಬೆಂಕಿಪೊಟ್ಟಣ ಎತ್ತಿಕೊಂಡು, ಹಚ್ಚಲೇ ಎಂದು ಕಣ್ಣಲ್ಲೇ ಕೇಳಿದರು. ಶಿವಲೀಲಾ ತಲೆಯಾಡಿಸಿದಳು. ದೀಪ ಹತ್ತಿತು. ಪವಿ ಅಳು ನಿಲ್ಲಿಸಿ, ಪರಿಶೀಲಿಸುವವಳ ಹಾಗೆ ಬಗ್ಗಿ ನೋಡಿ, "ಗುಟ್" ಎಂದಳು. ಸರಿ ಇದೆ.

ಆಮೇಲೆ ಇಬ್ಬರೂ ನೆಲದ ಮೇಲೆಯೇ ಕೂತರು. ಕ್ಯೂಬ್ಲರ್ ತಮ್ಮ ಸ್ವೆಟರ್ ಬಿಚ್ಚಿ ಶಿವಲೀಲಾಳ ಹೆಗಲಿಗೆ ಹಾಕಿದರು. ಮಗಳಿಗೂ ಇವರಿಗೂ ಹೇಗೆ ಪರಿಚಯ ಎಂದು ಆಗ ತಿಳಿಯಿತು. ಉದಯಕುಮಾರ ಬೆಳಿಗ್ಗೆ ಮಗುವನ್ನು ಶಿಶುವಿಹಾರಕ್ಕೆ ಕರೆದೊಯ್ಯುವಾಗ ಇವರು ಅಂಚೆಪೆಟ್ಟಿಗೆಯ ಬಳಿ ನಿಂತಿರುತ್ತಿದ್ದರಂತೆ. ಪವಿ ದಿನಾ ಒಂದು ಎಲೆಯನ್ನೋ ಕಲ್ಲನ್ನೋ ಕೊಡುತ್ತಿದ್ದಳಂತೆ. ಅವೆಲ್ಲ ಇವರ ಅಡುಗೆಕೋಣೆಯ ಕಿಟಕಿಯಲ್ಲಿ ಸಾಲಾಗಿ ಇವೆಯಂತೆ.

"ನಾನು ಇಷ್ಟು ಹೊತ್ತೂ ಕೆಳಗೇ ಇದ್ದೆ" ಎಂದರು ಆಕೆ. "ಕಿಟಕಿಯೂ ತೆರೆದಿತ್ತು. ಮೊದಲೇ ಯಾಕೆ ಕೂಗಲಿಲ್ಲ?"

"ಭಾನುವಾರ ಅಲ್ಲವೇ" ಎಂದಳು ಶಿವಲೀಲಾ.

ಕ್ಯೂಬ್ಲರ್ ಅವಳ ಹೆಗಲಿನಿಂದ ಜಾರಿದ ಸ್ವೆಟರ್ ಸರಿಪಡಿಸಿದರು. ಚೀಟಿ ಬರೆದವರು ಇವರೇ ಇರಬಹುದೇ ಎಂಬ ಪ್ರಶ್ನೆ ಶಿವಲೀಲಾಳ ಗಂಟಲವರೆಗೂ ಬಂತು. ಇದ್ದರೂ ಇರಬಹುದು ಅನಿಸಿತು. ಕೇಳಲಿಲ್ಲ.

ಕೆಳಗೆ ಕಾರು ನಿಂತ ಸದ್ದಾಯಿತು. ಸೂಟ್‌ಕೇಸಿನ ಗಾಲಿಗಳು ಕಲ್ಲುಹಾಸಿನ ಮೇಲೆ ಗಡಗಡ ಉರುಳಿದವು. ಹೊಸ ಹುಡುಗಿಯ ದೊಡ್ಡ ನಗು ಕೇಳಿಸಿತು. ಮರುಕ್ಷಣ ಉದಯಕುಮಾರನ ಧ್ವನಿ: "ಮೆಲ್ಲಕ ಮಾತಾಡ್ರಿ, ಇವತ್ತು ಸಂಡೆ. ಮ್ಯಾಲೆ ನಮ್ಮ ಶಿವಲೀಲಾ ಎಲ್ಲಾ ಹೇಳತಾಳ ನಿಮಗ."

ಶಿವಲೀಲಾಗೆ ಯುಗಾದಿಯ ಆ ಹಾಲ್ ನೆನಪಾಯಿತು. ಕೊನೆಯಲ್ಲಿ ಗಿರಿಧರ್ ಎದ್ದು ನಿಂತು, "ಅಕ್ಕಾ, ಲಾಸ್ಟ್ ಡೌಟು. ಐದು ವರ್ಷದಲ್ಲಿ ಏನಾದ್ರೂ ಬೇಕು ಅಂತ ಅಕ್ಕಪಕ್ಕದವ್ರ ಮನೆ ಬೆಲ್ ಎಷ್ಟು ಸಲ ಒತ್ತಿದೀರಾ?" ಎಂದಿದ್ದ. ಅವಳು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು, ತಲೆಯೆತ್ತಿ, ಎಲ್ಲರಿಗೂ ಕೇಳುವ ಹಾಗೆ ಉತ್ತರ ಕೊಟ್ಟಿದ್ದಳು. ಹಾಲ್ ಚಪ್ಪಾಳೆ ತಟ್ಟಿತ್ತು.

"ಸೊನ್ನೆ."