ಮಗನ ಮಾತಿಗೆ ನಾನು ಹೇಳಿದ ಅರ್ಥ

ನನ್ನ ಮಗ ಕನ್ನಡದಲ್ಲಿ ಏನೆಂದಿದ್ದಾನೆ ಎಂದು ತಮಿಳಿನಲ್ಲಿ ಹೇಳಲು ಶಾಲೆಯವರು ನನ್ನನ್ನೇ ಕರೆಸಿದರು. ಕಳ್ಳನ ತಾಯಿಯನ್ನೇ ಸಾಕ್ಷಿಗೆ ಕರೆದ ಹಾಗೆ. ಅವರನ್ನು ದೂರಿ ಏನು ಬಂತು? ತಿರುಪ್ಪೂರಿನ ಆ ಶಾಲೆಯಲ್ಲಿ ಕನ್ನಡ ಬಲ್ಲ ಒಬ್ಬ ಟೀಚರೂ ಇರಲಿಲ್ಲ. ಕನ್ನಡದ ಮಕ್ಕಳೆಂದರೆ ನನ್ನ ಮಗ ಮತ್ತು ನನ್ನ ಮೈದುನನ ಮಗ. ಇಬ್ಬರೂ ಒಂಬತ್ತನೇ ತರಗತಿ, ಒಂದೇ ಬೆಂಚು.

ನಾನು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದವಳು. ಗಂಡನ ಮನೆಯವರು ಎಷ್ಟೋ ತಲೆಮಾರಿನಿಂದ ಇಲ್ಲೇ ಮಗ್ಗ ಹಾಕಿಕೊಂಡು ನೆಲೆಸಿದ್ದಾರೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಓದಲು ನನ್ನನ್ನು ಬಿಟ್ಟರೆ ಯಾರಿಗೂ ಬಾರದು, ಹಾಗಾಗಿ ಇದನ್ನು ಬರೆದು ಟಿವಿ ಮೇಲೆ ಇಟ್ಟುಹೋದರೂ ನನಗೆ ಹೆದರಿಕೆಯಿಲ್ಲ. ಹೊರಗೆ ನಾಲ್ಕು ಜನರ ನಡುವೆ ಯಾರ ಬಗ್ಗೆಯಾದರೂ ಏನಾದರೂ ಅನ್ನಬೇಕಾದರೆ ಕನ್ನಡ ತೆಗೆಯುವುದು ನಮ್ಮೆಲ್ಲರ ಚಾಳಿ. ಮಗನಿಗೆ ಅದನ್ನು ಕಲಿಸಿದವಳೂ ನಾನೇ. ಮದುವೆ ಮನೆಯ ಊಟದಲ್ಲಿ ಎದುರು ಸಾಲಿನವರ ಬಗ್ಗೆ ಅವನ ಕಿವಿಯಲ್ಲಿ ಏನೋ ಅಂದು, ಇಬ್ಬರೂ ಎಲೆಗೆ ಮುಖ ಬಗ್ಗಿಸಿ ಕಿಸಕ್ಕನೆ ನಗುತ್ತಿದ್ದೆವು. ಆಗ ಅವನಿಗೆ ಏಳೋ ಎಂಟೋ ವರ್ಷ.

ಎಂಟನೇ ತರಗತಿಯಲ್ಲಿ ಅವನಿಗೊಬ್ಬ ಅಣ್ಣ ಸಿಕ್ಕಿದ. ಫೋನಿನೊಳಗಿನ ಅಣ್ಣ. ಉಬ್ಬಿದ ತೋಳು, ಬೆನ್ನ ಹಿಂದೆ ಕಪ್ಪು ಕಾರು, ತಮಿಳಿನಲ್ಲಿ ಹುಡುಗರಿಗೆ ಬುದ್ಧಿ ಹೇಳುತ್ತಿದ್ದ. ಬೆಳಿಗ್ಗೆ ಐದಕ್ಕೆ ಏಳಿ, ತಣ್ಣೀರಲ್ಲಿ ಸ್ನಾನ ಮಾಡಿ ಅನ್ನುತ್ತಿದ್ದ. ಮೈಮುರಿಯುತ್ತಾ ಏಳೂವರೆಗೆ ಏಳುತ್ತಿದ್ದ ನನ್ನ ಮಗ ಐದಕ್ಕೆ ಎದ್ದ. ನಾನು ಬೀದಿಗೆಲ್ಲ ಹೇಳಿಕೊಂಡು ಮೆರೆದೆ. ಆಮೇಲೆ ಆ ಅಣ್ಣ ಏನು ಹೇಳಿದ ಎಂದು ಕೂತು ಕೇಳುವಷ್ಟು ಪುರುಸೊತ್ತು ನನಗಿರಲಿಲ್ಲ. ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ ನನ್ನದು. ಹೊಲಿದು ಬಂದ ಒಂದೊಂದು ಬನಿಯನ್ನನ್ನೂ ತಿರುವಿ ಹಾಕಿ, ಎಲ್ಲಿ ತೂತಿದೆ, ಎಲ್ಲಿ ಹೊಲಿಗೆ ಬಿಟ್ಟಿದೆ ಎಂದು ನೋಡುವವಳು ನಾನು. ಮನೆಯಲ್ಲಿ ಮಾತ್ರ ಏನೂ ಕಾಣಲಿಲ್ಲ.

ಒಂದು ದಿನ ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದ. ತಟ್ಟೆ ಎತ್ತು ಎಂದೆ.

"ಅದು ಆಂಬಳೆ ಕೆಲಸ ಅಲ್ಲಮ್ಮ" ಎಂದ. ಗಂಡಸಿನ ಕೆಲಸ ಅಲ್ಲವಂತೆ.

ಅತ್ತೆ ಬಾಯ್ತುಂಬ ನಕ್ಕರು. "ಪಯ್ಯ ದೊಡ್ಡವನಾಗ್ಬಿಟ್ಟ, ಬಿಡೇ" ಎಂದರು. ನಾನೂ "ಮೀಸೆ ಬರೋಕೆ ಮುಂಚೆ ಜೋರು ಬಂತೇನೋ ನಿಂಗೆ?" ಎಂದು ತಲೆಗೆ ಮೊಟಕಿ, ತಟ್ಟೆ ಎತ್ತಿಕೊಂಡು ಹೋದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಹೇಳಿಲ್ಲ.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿಯನ್ನು ಲೀಡರ್ ಮಾಡಿದರು. ಲೆಕ್ಕದಲ್ಲಿ ಮೊದಲು ಬರುತ್ತಿದ್ದಳು. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ಅವಳ ಕೆಲಸ. ದಿನಾ ನನ್ನ ಮಗನ ಹೆಸರು ಇರುತ್ತಿತ್ತು. ಅವಳು ಹಾದುಹೋದಾಗಲೆಲ್ಲ ಈ ಇಬ್ಬರು ಅಣ್ಣತಮ್ಮಂದಿರು ಕನ್ನಡದಲ್ಲಿ ಏನೋ ಅಂದು ನಗುತ್ತಿದ್ದರಂತೆ. ಒಂದು ಶುಕ್ರವಾರ ಸಂಜೆ ಇವನು ತಮ್ಮನಿಗೆ ಕಳಿಸಬೇಕಿದ್ದ ವಾಯ್ಸ್ ಮೆಸೇಜು, ಹೋಮ್‌ವರ್ಕ್‌ಗೆಂದು ಮಾಡಿದ್ದ ತರಗತಿಯ ಗ್ರೂಪಿಗೆ ಹೋಗಿ ಬಿತ್ತು. ಕಳಿಸಿದ್ದು ನನ್ನದೇ ಫೋನಿನಿಂದ. ಅಳಿಸಲೂ ಇಲ್ಲ. ಯಾರಿಗೆ ಅರ್ಥವಾದೀತು ಎಂಬ ಧೈರ್ಯ. ಆ ಹುಡುಗಿಗೆ ಅದರಲ್ಲಿ ಲೀಡರ್ ಎಂಬ ಮಾತು ಕೇಳಿಸಿತು, ನಗು ಕೇಳಿಸಿತು. ಸೋಮವಾರ ಹೆಡ್‌ಮಿಸ್ ಬಳಿ ಹೋಗಿ ಅತ್ತಳು.

ನಾನು ಕೆಲಸದ ನಡುವೆ ಎರಡು ಗಂಟೆ ಪರ್ಮಿಷನ್ ಹಾಕಿ ಹೋದೆ. ಹುಡುಗಿಯ ತಾಯಿಯೂ ಹಾಗೇ ಬಂದಿದ್ದಳು. ಬೇರೆ ಬನಿಯನ್ ಕಂಪನಿ, ಕೊರಳಲ್ಲಿ ಕಾರ್ಡು ಇನ್ನೂ ನೇತಾಡುತ್ತಿತ್ತು. ಹುಡುಗಿ ತಾಯಿಯ ಪಕ್ಕ ನಿಂತಿದ್ದಳು, ನನ್ನ ಮಗ ಬಾಗಿಲ ಬಳಿ. ಹೆಡ್‌ಮಿಸ್ ಫೋನನ್ನು ಮೇಜಿನ ಮೇಲಿಟ್ಟು ಒತ್ತಿದರು. ಅರ್ಧ ನಿಮಿಷವೂ ಇಲ್ಲ.

"ಅವಳಿಗೆ ಜಂಬ ಜಾಸ್ತಿ ಆಗಿದೆ ಡಾ. ಹುಡುಗಿ ಕೈಗೆ ಲೀಡರ್ ಕೊಟ್ರೆ ಹಿಂಗೇ ಆಗೋದು. ಅಣ್ಣ ಹೇಳಿಲ್ವಾ, ಹೆದರಿಸಿ ಇಟ್ರೇನೇ ಇವ್ರೆಲ್ಲ ಸರಿ ಇರೋದು ಅಂತ. ಕೆರೆ ರೋಡಲ್ಲಿ ಸೈಕಲ್ ಅಡ್ಡ ಹಾಕೋಣ. ಜುಟ್ಟು ಹಿಡಿದು ನಾಲ್ಕು ಬಾರಿಸಿದ್ರೆ ಆಮೇಲೆ ಸ್ಕೂಲ್ ಕಡೆ ತಲೇನೇ ಹಾಕಲ್ಲ. ಬನಿಯನ್ ಕಂಪನಿಗೆ ಹೋಗೋವಳ ಮಗಳು, ಇವಳಿಗೇನು ಇಷ್ಟೊಂದು?"

ನನ್ನ ಮಗನ ದನಿ. ನನ್ನ ಭಾಷೆ. ಹೆಡ್‌ಮಿಸ್ ನನ್ನ ಮುಖ ನೋಡಿ, "ಹೇಳಿ ಅಮ್ಮಾ, ಏನಂದಿದ್ದಾನೆ?" ಎಂದು ತಮಿಳಿನಲ್ಲಿ ಕೇಳಿದರು.

ಅವನನ್ನು ಶಾಲೆಯಿಂದ ತೆಗೆದುಹಾಕುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಹೇಳಿದೆ. ಆ ಹುಡುಗಿ ಚೆನ್ನಾಗಿ ಓದುತ್ತಾಳೆ, ಅದಕ್ಕೇ ಲೀಡರ್ ಮಾಡಿದ್ದಾರೆ, ನಾವೂ ಹಾಗೆ ಓದಬೇಕು ಎಂದಿದ್ದಾನೆ. ನಗು ಹುಡುಗಾಟಿಕೆಯದು. ಎಷ್ಟು ಸಲೀಸಾಗಿ ಬಂತು ಅಂತೀರಿ, ನಾಲಿಗೆ ಒಂದು ಸಲವೂ ತೊದಲಲಿಲ್ಲ.

"ಸೈಕಲ್ ಅಂದ ಮಿಸ್. ಬನಿಯನ್ ಕಂಪನಿ ಅಂತಲೂ ಅಂದ" ಎಂದಳು ಹುಡುಗಿ.

"ಸೈಕಲ್ ರಿಪೇರಿಗೆ ಕೊಡಬೇಕು ಅಂದಿದ್ದು. ಬನಿಯನ್ ಕಂಪನಿ ಅಂದಿದ್ದು ನನ್ನನ್ನ, ಕೆಲಸದಿಂದ ಬಂದ ಮೇಲೆ ಅಮ್ಮನ ಹತ್ತಿರ ದುಡ್ಡು ಕೇಳ್ತೀನಿ ಅಂತ" ಎಂದೆ. ಆಡಿದ ಸುಳ್ಳುಗಳಲ್ಲಿ ಅದೊಂದು ಅರ್ಧ ನಿಜ. ಅವನು ಅಂದಿದ್ದು ನನ್ನನ್ನೂ ತಾನೇ.

ಹೆಡ್‌ಮಿಸ್ಸಿಗೆ ನಿರಾಳವಾಯಿತು. ಗೊತ್ತಿಲ್ಲದ ಭಾಷೆಯಲ್ಲಿ ಇಲ್ಲದ್ದನ್ನು ಕಲ್ಪಿಸಿಕೊಂಡು ದೂರು ತರಬಾರದು ಎಂದು ಹುಡುಗಿಗೆ ಬುದ್ಧಿ ಹೇಳಿದರು. ಅವಳ ತಾಯಿ ನನಗೆ ಕೈಮುಗಿದಳು. "ತಪ್ಪು ತಿಳಿಯಬೇಡಿ ಅಕ್ಕಾ" ಎಂದಳು. ನಾನು "ಪರವಾಯಿಲ್ಲೆ, ಮಕ್ಕಳಲ್ಲವಾ" ಎಂದೆ. ದೊಡ್ಡ ಮನಸ್ಸಿನವಳ ಹಾಗೆ ಎಂದೆ. ಹುಡುಗಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಾನು ಕಣ್ಣು ತಪ್ಪಿಸಿದೆ.

ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಮಗನನ್ನು ಇಳಿಸಿದೆ. ಅಳುತ್ತಾನೆ ಎಂದುಕೊಂಡಿದ್ದೆ. ಅವನು ಅಳಲಿಲ್ಲ.

"ನಾನೂ ಬನಿಯನ್ ಕಂಪನಿಗೆ ಹೋಗೋವಳೇ ಕಣೋ" ಎಂದೆ.

"ನಿನ್ನ ಅಂದ್ನಾ ನಾನು?"

"ಹೆಣ್ಣುಮಗಳ ಮೇಲೆ ಕೈ ಮಾಡ್ತೀನಿ ಅಂದ್ಯಲ್ಲೋ. ನಿನಗೋಸ್ಕರ ಎಂಥ ಸುಳ್ಳು ಹೇಳಿ ಬಂದೆ, ಗೊತ್ತಾ?"

"ಹೌದಮ್ಮ, ಸುಳ್ಳು ಹೇಳಿದ್ದು ನೀನು, ನಾನಲ್ಲ. ಹೆಂಗಸರಿಗೆ ಸುಳ್ಳು ಅಂದ್ರೆ ನೀರು ಕುಡಿದ ಹಾಗೆ ಅಂತ ಅಣ್ಣ ಹೇಳೋರು. ನಾನು ನಂಬಿರ್ಲಿಲ್ಲ" ಎಂದ.

ಕೊಬ್ಬಿನಿಂದ ಅಂದಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದೆ. ಪರೀಕ್ಷೆಯಲ್ಲಿ ಎಷ್ಟು ಬಂತು ಎಂದು ಹೇಳುವ ಹಾಗೆ ಹೇಳಿದ. ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ. ಅವನು ಹಿಂದೆ ಕೂತ. ಯಾವಾಗಿನಂತೆ ನನ್ನ ಹೆಗಲು ಹಿಡಿದುಕೊಳ್ಳಲಿಲ್ಲ.

ಆಮೇಲೆ ಎರಡು ವಾರ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಫೋನು ಕಿತ್ತಿಟ್ಟೆ, ಅವನು ತಮ್ಮನ ಫೋನಿನಲ್ಲಿ ನೋಡಿದ. ಗಂಡನಿಗೆ ಹೇಳಿದೆ, "ವಯಸ್ಸು, ಸರಿಹೋಗ್ತಾನೆ" ಎಂದರು. ಒಂದು ದಿನ ಊಟಕ್ಕೆ ಕೂತಾಗ ಮಗ, "ಲೀಡರ್ ಈಗ ಹುಡುಗ. ಅವಳು ಟೀಸಿ ತಗೊಂಡು ಹೋದ್ಲು" ಎಂದ.

ಭಾನುವಾರ ಆ ಹುಡುಗಿಯ ಮನೆಯ ವಿಳಾಸ ಹುಡುಕಿಕೊಂಡು ಹೋದೆ. ನಿಜ ಹೇಳುವುದು ಮೊದಲು ಇವರಿಗೆ, ನಾಳೆ ಹೆಡ್‌ಮಿಸ್ಸಿಗೆ ಎಂದು ನಿಶ್ಚಯ ಮಾಡಿಕೊಂಡಿದ್ದೆ. ಶೀಟು ಹೊದಿಸಿದ ಸಾಲುಮನೆ. ಹುಡುಗಿಯ ತಾಯಿ ನನ್ನನ್ನು ನೋಡಿ ಗಾಬರಿಯಾದಳು. ಒಳಗೆ ಕರೆದು ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಮಗಳನ್ನು ಕಿಣತ್ತುಕಡವಿನಲ್ಲಿರುವ ಅಜ್ಜಿಯ ಮನೆಗೆ ಕಳಿಸಿದ್ದೇನೆ, ಅಲ್ಲೇ ಶಾಲೆ ನೋಡಬೇಕು, ಸಿಗದಿದ್ದರೆ ಮುಂದಿನ ವರ್ಷ ಎಂದಳು. ನಾನು ಕೂರದೆ, ನಿಂತೇ, ಅವತ್ತು ನಾನು ಹೇಳಿದ್ದೆಲ್ಲ ಸುಳ್ಳು ಎಂದೆ.

"ಹಾಗಾದರೆ ನಿಜವಾಗಿ ಏನಂದ ಅಕ್ಕಾ? ಒಂದು ಮಾತೂ ಬಿಡದೆ ಹೇಳಿ" ಎಂದಳು.

ಹೇಳಿದೆ. ಜಂಬ, ಕೆರೆ ರೋಡು, ಜುಟ್ಟು, ನಾಲ್ಕು ಏಟು, ಬನಿಯನ್ ಕಂಪನಿಗೆ ಹೋಗುವವಳ ಮಗಳು. ಒಂದೊಂದು ಮಾತನ್ನೂ ಕನ್ನಡದಿಂದ ತಮಿಳಿಗೆ ಸರಿಯಾಗಿ ಎತ್ತಿ ಕೊಟ್ಟೆ. ಬೈಯುತ್ತಾಳೆ, ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವಳು ಬೈಯಲಿಲ್ಲ. ಕುರ್ಚಿಯಲ್ಲಿ ತಾನೇ ಕುಸಿದು ಕೂತಳು.

"ಅವತ್ತು ಮನೆಗೆ ಬಂದು ಅವಳನ್ನ ಹೊಡೆದೆ ಅಕ್ಕಾ" ಎಂದಳು. "ದೊಡ್ಡವರ ಮುಂದೆ ಸುಳ್ಳು ದೂರು ಹೇಳಿ ಮಾನ ಕಳೆದೆ ಅಂತ ಹೊಡೆದೆ. ಇಲ್ಲಮ್ಮ, ನಿಜವಾಗ್ಲೂ ಅಂದ ಅಂತ ಹೇಳ್ತಾನೇ ಇದ್ದಳು. ಹೌದಮ್ಮ, ನಾನೇ ಸುಳ್ಳು ಹೇಳಿದೆ ಅಂತ ಅವಳು ಒಪ್ಪಿಕೊಳ್ಳೋವರೆಗೂ ಹೊಡೆದೆ."