ಉಳಿಸಿಕೊಂಡ ಉತ್ತರ

ದೇವಾಪುರದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಸಂಶೋಧಕರ ಹೊರತು ಬೇರೆ ನೆಂಟರಿರಲಿಲ್ಲ. ವೈದ್ಯಕೀಯದವರು ಅವಳ ಮೊಣಕಾಲು ಒತ್ತಿ ನೋಡಿದರು, ಎಂಜಿನಿಯರಿಂಗಿನವರು ಬೋರಿನ ನೀರು ಒಯ್ದರು, ಕೃಷಿ ಕಾಲೇಜಿನವರು ಹತ್ತಿಯ ಹುಳುವಿನ ಬಗ್ಗೆ ವಿಚಾರಿಸಿದರು, ಧರ್ಮದ ಮೇಲೆ ಪಿಎಚ್‌ಡಿ ಮಾಡುವವರು ಅವಳ ಹಾಡುಗಳನ್ನು ಮೊಬೈಲಿನಲ್ಲಿ ತುಂಬಿಕೊಂಡರು. ಎಲ್ಲರಿಗೂ ಚಹಾ ಕೊಟ್ಟು, ಸೆರಗು ಸರಿಮಾಡಿಕೊಂಡು ಗತ್ತಿನಿಂದ ಉತ್ತರಿಸುತ್ತಿದ್ದಳು. ಬೇಕೆಂದೇ ಒಂದು ಉತ್ತರ ಮಾತ್ರ ಉಳಿಸಿಕೊಳ್ಳುತ್ತಿದ್ದಳು.

"ಅದೊಂದು ನಾಳಿ ಹೇಳ್ತೀನಿ, ಬರ್ರಿ."

ಅದಕ್ಕಾಗಿಯಾದರೂ ಅವರು ಮರುದಿನ ಬರುತ್ತಿದ್ದರು.

ಒಮ್ಮೆ ಬಂದವನೊಬ್ಬ ಬ್ಯಾಗು ಹೆಗಲಿಗೇರಿಸಿ, "ಅದೊಂದು ಇರದಿದ್ರೂ ನಡೀತದ ಬಿಡ್ರಿ," ಎಂದು ಹೊರಟೇಬಿಟ್ಟ. ಅಜ್ಜಿ ಅವನು ಚಹಾ ಕುಡಿದಿಟ್ಟ ಕಪ್ಪುಬಸಿ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತೇ ಇದ್ದಳು. ಸಂಜೆ ಗೋಡೆಯಾಚೆಯಿಂದ ನಾನು ಕೇಳಿದೆ: "ಊಟ ಆತೇನ್ ಯಮ್ಮಾ?"

ಅಜ್ಜಿ ಕಪ್ಪುಬಸಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡಳು.

"ನಾಳಿ ಹೇಳ್ತೀನಿ, ಬಾರವ್ವ."